ದಕ್ಕೆಯ ಬೋಟುಗಳೇ ಮನೆಯಾದವರು

ಮಾನ್ಯ ಸಂಪಾದಕರೇ,

ಮಂಗಳೂರಿನ ಹಳೆ ಬಂದರಿನ ದಕ್ಕೆಯನ್ನು ನಾವು ಮೀನು ಇಳಿಸುವ ಜಾಗವೆಂದಷ್ಟೇ ನೋಡುತ್ತೇವೆ. ಆದರೆ ಆಂಧ್ರಪ್ರದೇಶ, ತಮಿಳುನಾಡು, ಒಡಿಶಾಗಳಿಂದ ಬಂದು ಟ್ರಾಲ್ ಬೋಟುಗಳಲ್ಲಿ ದುಡಿಯುವ ಅನೇಕರಿಗೆ, ವಾರ, ಹತ್ತು ದಿನ ಆಳಸಮುದ್ರದಲ್ಲಿದ್ದು ಮರಳಿದ ಮೇಲೂ, ಬೋಟೇ ಮನೆ. ಅಡುಗೆ, ನಿದ್ದೆ ಎಲ್ಲವೂ ಡೀಸೆಲ್ ವಾಸನೆಯ ಆ ಇಕ್ಕಟ್ಟಿನಲ್ಲೇ ನಡೆಯುತ್ತವೆ. ಜಾಗ ಸಾಲದೆ ಬೋಟುಗಳನ್ನು ಒಂದರ ಮಗ್ಗುಲಿಗೆ ಒಂದನ್ನು ಕಟ್ಟುವುದರಿಂದ, ಕೊನೆಯ ಬೋಟಿನವನು ರಾತ್ರಿ ಶೌಚಕ್ಕೆಂದು ದಡಕ್ಕೆ ಬರಬೇಕಾದರೆ ನಾಲ್ಕೈದು ಬೋಟುಗಳ ಒದ್ದೆ ಅಂಚುಗಳನ್ನು ಕತ್ತಲಲ್ಲೇ ದಾಟಬೇಕು. ಕಾಲು ಜಾರಿ ಎರಡು ಬೋಟುಗಳ ನಡುವೆ ಬಿದ್ದರೆ ಈಜು ಬಲ್ಲವನೂ ಮೇಲೆ ಬರುವುದು ಕಷ್ಟ. ಹೂಳೆತ್ತುವ ಮಾತು ಆಗಾಗ ಕೇಳಿಬರುತ್ತದೆ, ಇವರ ಮಾತು ಮಾತ್ರ ಯಾರ ಬಾಯಲ್ಲೂ ಇಲ್ಲ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ಕೆಲಸ ನಿಂತಿರುವಾಗಲೇ ದೀಪ, ಏಣಿ, ಕುಡಿಯುವ ನೀರಿನ ನಲ್ಲಿ ಹಾಗೂ ರಾತ್ರಿಯೂ ತೆರೆದಿರುವ ಶೌಚಾಲಯವನ್ನು ಸಂಬಂಧಪಟ್ಟವರು ಒದಗಿಸಬೇಕು.

— ಓದುಗ, ಮಂಗಳೂರು