ಫೋಟೊದ ವರ್ಷ ಪತ್ತೆಹಚ್ಚಿಕೊಟ್ಟ ಹಿರಿಯರಿಗೆ

ನನ್ನ ಹತ್ತಿರವಿರುವ, ಫ್ರಾನ್ಸಿನ ಪ್ಯೂಜೊ ಸೈಕಲ್ ರೇಸ್ ತಂಡದ ಹಳೆಯ ಕಪ್ಪು-ಬಿಳುಪು ಫೋಟೊ ಯಾವ ಕಾಲದ್ದೆಂದು ತಿಳಿಸಿಕೊಟ್ಟ ಹಿರಿಯರಿಗೆ ಮನಸಾರೆ ವಂದನೆ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ.

ನೀವು ಮೊದಲು ನೋಡಿದ್ದು ಜರ್ಸಿ. ಎದೆಯ ಮೇಲಿನ ಆ ಕಪ್ಪು-ಬಿಳಿ ಚೌಕಳಿ ಬಂದದ್ದು 1963ರಲ್ಲಿ. ಅದರ ಮೇಲೆ ಪ್ರಾಯೋಜಕ ತೈಲ ಕಂಪನಿಯ ಹೆಸರು 'ಬಿಪಿ' ಎಂದಿರುವುದರಿಂದ 1976ಕ್ಕಿಂತ ಹಿಂದಿನದು. ಆಮೇಲೆ ಆ ಜಾಗಕ್ಕೆ ಇನ್ನೊಂದು ತೈಲ ಕಂಪನಿ 'ಎಸ್ಸೊ' ಬಂತು. ತುದಿಯಲ್ಲಿ ನಿಂತ ಎಳೆಮುಖದ ಹುಡುಗ, ಮುಂದೆ ದೊಡ್ಡ ಹೆಸರು ಮಾಡಿದ ಬೆಲ್ಜಿಯಂನ ಸೈಕಲ್ ಪಟು ಎಡ್ಡಿ ಮರ್ಕ್ಸ್. ಅವರು ಈ ತಂಡದಲ್ಲಿದ್ದದ್ದು 1966 ಮತ್ತು 67ರಲ್ಲಿ ಮಾತ್ರ.

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ನೀವು ಭೂತಗನ್ನಡಿ ಹಿಡಿದು, ನಡುವೆ ನಿಂತ ಬ್ರಿಟನ್ನಿನ ಸೈಕಲ್ ಪಟು ಟಾಮ್ ಸಿಂಪ್ಸನ್ ಎದೆಯ ಮೇಲೆ ಚೌಕಳಿಯೇ ಇಲ್ಲ, ಬಿಳಿಯ ಮೇಲೆ ಐದು ಅಡ್ಡಪಟ್ಟಿಗಳಿವೆ ಎಂದು ತೋರಿಸಿದಿರಿ. ನನ್ನ ಕಣ್ಣಿಗೆ ಅವು ಬರೀ ಬೂದು ಗೆರೆಗಳು. ಅದು ವಿಶ್ವ ಚಾಂಪಿಯನ್ ತೊಡುವ ಕಾಮನಬಿಲ್ಲಿನ ಜರ್ಸಿಯಂತೆ! ಸಿಂಪ್ಸನ್ ಅದನ್ನು ಗೆದ್ದದ್ದು 1965ರ ಸೆಪ್ಟೆಂಬರಿನಲ್ಲಿ. ಮರುವರ್ಷ ಆಗಸ್ಟ್ ಕೊನೆಗೆ ಅದು ಜರ್ಮನಿಯ ರೂಡಿ ಆಲ್ಟಿಗ್ ಪಾಲಾಯಿತು. ಹಾಗಾಗಿ ಫೋಟೊ 1966ರ ಮೊದಲ ಎಂಟು ತಿಂಗಳೊಳಗಿನದು.

ಮುಂದಿನ ವರ್ಷದ ಜುಲೈ 13ರಂದು ಸಿಂಪ್ಸನ್ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸಿನಲ್ಲಿ ಫ್ರಾನ್ಸಿನ ಮಾಂ ವಾಂತೂ ಬೆಟ್ಟ ಹತ್ತುವಾಗ ತೀರಿಕೊಂಡರೆಂದು ನೀವು ಬರೆದದ್ದು ಓದಿ ಹೊಟ್ಟೆಯಲ್ಲಿ ಸಂಕಟವಾಯಿತು. ನಿಮ್ಮ ಪತ್ರವನ್ನು ಫೋಟೊದ ಜೊತೆಗೇ ಇಟ್ಟಿದ್ದೇನೆ. ಒಳ್ಳೆಯದೊಂದು ಪ್ರತಿ ತೆಗೆಸಿ ನಿಮಗೂ ಕಳಿಸುತ್ತೇನೆ, ದಯವಿಟ್ಟು ಬೇಡ ಅನ್ನಬೇಡಿ.