ಅಂಕಲ್ ಅಂದರೆ ಯಾರು?

ಪ್ರೀತಿಯ ಪುಟ್ಟಿ,

ನಿನ್ನ ಲ್ಯಾಟಿನ್ ನೋಟ್ಸಿನ ಫೋಟೋ ನೋಡಿದೆ. ‘ಪತ್ರುವುಸ್’ ಮುಂದೆಯೂ ಅಂಕಲ್, ‘ಅವುಂಕುಲುಸ್’ ಮುಂದೆಯೂ ಅಂಕಲ್ ಅಂತ ಬರೆದುಕೊಂಡಿದ್ದೀಯಲ್ಲ, ಎಡವಿದ್ದು ಅಲ್ಲೇ. ಅರ್ಥವನ್ನು ಕನ್ನಡದಲ್ಲಿ ಬರೆದುಕೋ, ಉರು ಹೊಡೆಯುವ ಕಷ್ಟವೇ ಇಲ್ಲ. ಪತ್ರುವುಸ್ ನಮ್ಮ ದೊಡ್ಡಪ್ಪ ಅಥವಾ ಚಿಕ್ಕಪ್ಪ, ಅವುಂಕುಲುಸ್ ಸೋದರಮಾವ. ‘ಅಮಿತ’ ಸೋದರತ್ತೆ, ‘ಮಾತೆರ್ತೆರ’ ಅಮ್ಮನ ಅಕ್ಕನೋ ತಂಗಿಯೋ. ಅಣ್ಣತಮ್ಮಂದಿರ ವಿಷಯದಲ್ಲಿ ಮಾತ್ರ ರೋಮನ್ನರು ಜಿಪುಣರು: ಇಬ್ಬರಿಗೂ ‘ಫ್ರಾತೆರ್’ ಒಂದೇ. ಸಂಸ್ಕೃತದ ಭ್ರಾತೃ ಇದರ ದಾಯಾದಿ.

ಇಂಗ್ಲಿಷಿನ ಅಂಕಲ್ ಹುಟ್ಟಿದ್ದು ಇದೇ ಅವುಂಕುಲುಸ್‌ನಿಂದ, ಫ್ರೆಂಚ್ ದಾರಿಯಾಗಿ. ಆಂಟ್ ಬಂದದ್ದು ಅಮಿತದಿಂದ. ಹಾಗಾದರೆ ಕೆಳಗಿನ ಮನೆಯ ಆಂಟಿ ಇಷ್ಟು ವರ್ಷ ನಿನಗೆ ಸೋದರತ್ತೆ, ಊರಿನ ಆಟೋದವರೆಲ್ಲ ಸೋದರಮಾವಂದಿರು!

ಅವುಂಕುಲುಸ್ ಅನ್ನು ಬಿಡಿಸಿ ನೋಡು. ‘ಅವುಸ್’ ಅಂದರೆ ಅಜ್ಜ, ಉಳಿದದ್ದು ಮುದ್ದಿನ ಬಾಲ. ಅಂದರೆ ಪುಟ್ಟಜ್ಜ. ಪತ್ರುವುಸ್‌ಗೆ ಅಂಥ ಮುದ್ದು ಸಿಕ್ಕಿಲ್ಲ, ಅವನು ಗದರುವವನು ಅಂತಲೇ ರೋಮ್‌ನಲ್ಲಿ ಹೆಸರು. ಹೊರೇಸ್ ಕವಿಯ ಒಂದು ವಿಡಂಬನೆಯಲ್ಲಿ ‘ನನಗೆ ಪತ್ರುವುಸ್ ಆಗಬೇಡ’ ಅಂತಲೇ ಬರುತ್ತದೆ, ಬುದ್ಧಿ ಹೇಳಬೇಡ ಅನ್ನೋ ಅರ್ಥದಲ್ಲಿ. ನಿನ್ನ ಚಿಕ್ಕಪ್ಪನಿಗೆ ಇದನ್ನು ಹೇಳಿಲ್ಲ.

ಒಂದು ಕಡೆ ಮಾತ್ರ ಕನ್ನಡದ ಲೆಕ್ಕ ಹಿಡಿಯಬೇಡ. ನಮ್ಮಲ್ಲಿ ಅಮ್ಮನ ತಮ್ಮನೂ ಮಾವ, ಗಂಡನ ಅಪ್ಪನೂ ಮಾವ. ಸೋದರಿಕೆಯಲ್ಲಿ ಕೊಟ್ಟು ತರುವ ರೂಢಿ ಇದ್ದದ್ದರಿಂದ ಒಂದೇ ಪದ ಸಾಕಾಯಿತು. ಅವರಲ್ಲಿ ಗಂಡನ ಅಪ್ಪ ‘ಸೊಕೆರ್’. ಬೇರೆಯೇ ಪದ.

ನನಗೆ ಇಷ್ಟವಾದದ್ದು ನಿನ್ನ ಹಾಳೆಯ ಮೂಲೆಯಲ್ಲಿದ್ದ ‘ಫೀಲಿಯಾಬುಸ್’. ಮಗ ‘ಫೀಲಿಯುಸ್’, ಮಗಳು ‘ಫೀಲಿಯ’. ಚತುರ್ಥಿ ಬಹುವಚನಕ್ಕೆ ಬಂದರೆ ಗಂಡುಮಕ್ಕಳಿಗೆ ಅನ್ನುವುದೂ ಹೆಣ್ಣುಮಕ್ಕಳಿಗೆ ಅನ್ನುವುದೂ ಒಂದೇ, ‘ಫೀಲಿಯಿಸ್’. ಹೆಣ್ಣುಮಕ್ಕಳಿಗೇ ಅಂತ ಸ್ಪಷ್ಟವಾಗಬೇಕಾದ ಕಡೆ ವ್ಯಾಕರಣದ ರೂಢಿ ಮುರಿದು ಫೀಲಿಯಾಬುಸ್ ಅಂದರು. ಇಷ್ಟು ಮಾಡಿದವರು ಹೆಣ್ಣುಮಕ್ಕಳಿಗೆ ಹೆಸರಿಡುವಾಗ ಮಾತ್ರ ಕೈ ಬಿಗಿ ಹಿಡಿದರು. ಮಗಳಿಗೆ ವಂಶದ ಹೆಸರೇ ಹೆಸರು. ಮಾರ್ಕ್ ಆಂಟನಿಗೆ ಆಕ್ಟೇವಿಯಾಳಲ್ಲಿ ಹುಟ್ಟಿದ ಇಬ್ಬರೂ ಆಂಟೋನಿಯಾ. ಗುರುತಿಗೆ ಒಬ್ಬಳು ಹಿರಿಯಳು, ಇನ್ನೊಬ್ಬಳು ಕಿರಿಯಳು. ನಿನಗೆ ಹೆಸರು ಹುಡುಕಲು ನಾನೂ ನಿನ್ನಮ್ಮನೂ ಮೂರು ವಾರ ಜಗಳ ಆಡಿದ್ದೆವು.

ಶನಿವಾರ ನಿನ್ನ ಮಾವ ಬಂದಿದ್ದ. “ಬಾರಯ್ಯ ಅವುಂಕುಲುಸ್” ಅಂದೆ. ಚಪ್ಪಲಿ ಬಿಡುತ್ತಿದ್ದವನು ಹಾಗೇ ತಲೆಯೆತ್ತಿ, “ಯಾವ ಮಾತ್ರೆ ಭಾವ ಅದು? ಶುಗರಿಗಾ?” ಅಂದ.

ನಿನ್ನ
ಅಪ್ಪ