‘ಲಕ್ಷ ಕೋಟಿ ಮಣ್ಣುಪಾಲು’ ತಲೆಬರಹ ಇನ್ನು ಸಾಕು

ಮಾನ್ಯ ಸಂಪಾದಕರೇ,

ಷೇರುಪೇಟೆ ಬಿದ್ದ ಮರುದಿನ ನಿಮ್ಮ ಮುಖಪುಟದಲ್ಲಿ ಬರುವ ಒಂದು ಸಾಲಿನ ಬಗ್ಗೆ ಈ ಪತ್ರ. ‘ಹೂಡಿಕೆದಾರರ ಇಷ್ಟು ಲಕ್ಷ ಕೋಟಿ ಮಣ್ಣುಪಾಲು’ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತೀರಲ್ಲ, ಅದು. ಜೊತೆಗೆ ತಲೆ ಮೇಲೆ ಕೈ ಹೊತ್ತು ಕೂತವನ ಫೋಟೊ ಬೇರೆ.

ನಾನು ತಿಪಟೂರಿನಲ್ಲಿ ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳ ಕಂತಿನ ಐದು ವರ್ಷದ ಠೇವಣಿಯ ಏಜೆಂಟ್. ಮನೆ, ಅಂಗಡಿ ಸುತ್ತಿ ತಿಂಗಳ ಕಂತು ಎತ್ತುವುದು, ಕಾರ್ಡಿನಲ್ಲಿ ಬರೆದು ಸಹಿ ಹಾಕುವುದು, ಪೋಸ್ಟಾಫೀಸಿಗೆ ಕಟ್ಟುವುದು ನನ್ನ ಕೆಲಸ. ಷೇರಿಗೂ ನಿಮಗೂ ಏನು ಸಂಬಂಧ ಅಂತ ಕೇಳಬಹುದು. ಮೊದಲು ಇರಲಿಲ್ಲ. ಈಗ ನನ್ನ ಗಿರಾಕಿಗಳ ಮನೆಯಲ್ಲಿ ಆರ್‌ಡಿ ಕಾರ್ಡಿನ ಜೊತೆಗೆ ಮಗನೋ ಮಗಳೋ ಫೋನಿನಲ್ಲಿ ಮಾಡಿಕೊಟ್ಟ ಎಸ್‌ಐಪಿಯೂ ಇದೆ. ಅದು ತಿಂಗಳಿಗಿಷ್ಟು ಅಂತ ಮ್ಯೂಚುವಲ್ ಫಂಡಿನ ಮೂಲಕ ಷೇರುಪೇಟೆಗೆ ಹೋಗುವ ಕಂತು. ಪೇಟೆ ಬಿದ್ದ ದಿನ ಆ ಮಗ ಬೆಂಗಳೂರಿನಲ್ಲಿ ಮೀಟಿಂಗ್‌ನಲ್ಲಿರುತ್ತಾನೆ. ಕೈಗೆ ಸಿಗುವವಳು ನಾನು. ಫಂಡ್ ಮಾರುವ ಪರೀಕ್ಷೆ ನಾನು ಬರೆದಿಲ್ಲ, ಯಾವ ಫಂಡ್ ಒಳ್ಳೆಯದು ಅಂತ ಯಾರಿಗೂ ಹೇಳುವುದಿಲ್ಲ. ಆದರೆ ಜನ ದುಡ್ಡಿನ ವಿಷಯದಲ್ಲಿ ಯಾವಾಗ ಹೆದರುತ್ತಾರೆ, ಯಾವಾಗ ಹುರುಪಿಗೆ ಬೀಳುತ್ತಾರೆ ಅನ್ನುವುದನ್ನು ಅವರ ಬಾಗಿಲಲ್ಲೇ ನಿಂತು ನೋಡಿದ್ದೇನೆ.

2025ರ ಏಪ್ರಿಲ್ 7ರಂದು ಅಮೆರಿಕದ ಸುಂಕದ ಸುದ್ದಿಗೆ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ 2,226 ಅಂಶ ಬಿತ್ತು. ಮರುದಿನ ಬಸ್ ಸ್ಟ್ಯಾಂಡ್ ಹಿಂದಿನ ಟೈಲರಿಂಗ್ ಅಂಗಡಿಗೆ ಕಂತಿಗೆ ಹೋದೆ. ಬ್ಲೌಸಿನ ಅಳತೆ ಕತ್ತರಿಸಲು ಇಟ್ಟುಕೊಂಡ ಹಳೇ ಪೇಪರುಗಳ ಮೇಲೆ ಆ ದಿನದ ನಿಮ್ಮ ಪತ್ರಿಕೆ ಹರಡಿತ್ತು. ‘ಅಕ್ಕಾ, ಹದಿನಾಲ್ಕು ಲಕ್ಷ ಕೋಟಿ ಹೋಯ್ತಂತಲ್ಲ, ನಂದೂ ಹೋಯ್ತಾ?’ ಅಂದಳು ಆ ಹೆಣ್ಣುಮಗಳು. ಫೋನ್ ತೆಗೆಸಿ ನೋಡಿದೆ. ತಿಂಗಳಿಗೆ ₹2,000ದ ಎಸ್‌ಐಪಿ. ಕಟ್ಟಿದ್ದಕ್ಕಿಂತ ಎರಡು-ಮೂರು ಸಾವಿರ ಕಡಿಮೆ ತೋರಿಸುತ್ತಿತ್ತು, ಅಷ್ಟೇ. ದುಡ್ಡು ಬೇಕಾಗುವುದು ಮಗಳು ಪಿಯುಸಿ ಮುಗಿಸಿದಾಗ. ಮಗಳು ಆಗಿನ್ನೂ ನಾಲ್ಕನೇ ಕ್ಲಾಸು. ಇಷ್ಟೆಲ್ಲ ಲೆಕ್ಕ ಹಾಕಿ ತೋರಿಸಿದರೂ ಅವಳ ಬೆರಳು ಆ ಹದಿನಾಲ್ಕು ಲಕ್ಷ ಕೋಟಿಯ ಮೇಲೇ ಇತ್ತು. ಅವತ್ತು ರಾತ್ರಿಯೇ ಮಗನಿಗೆ ಹೇಳಿ ಎಸ್‌ಐಪಿ ನಿಲ್ಲಿಸಿದಳಂತೆ. ಮೇ ಮಧ್ಯದ ಹೊತ್ತಿಗೆ 73 ಸಾವಿರದಲ್ಲಿದ್ದ ಸೆನ್ಸೆಕ್ಸ್ 82 ಸಾವಿರ ದಾಟಿತು. ಆ ಸುದ್ದಿ ನಿಮ್ಮಲ್ಲಿ ಒಳಪುಟದ ಮೂಲೆಯಲ್ಲಿತ್ತು.

ಅಂಶಗಳ ಲೆಕ್ಕವೂ ಹಾಗೇ ದಾರಿ ತಪ್ಪಿಸುತ್ತದೆ. 2024ರ ಜೂನ್ 4ರಂದು, ಚುನಾವಣೆ ಫಲಿತಾಂಶದ ದಿನ, ಸೆನ್ಸೆಕ್ಸ್ ಸುಮಾರು 4,390 ಅಂಶ ಇಳಿಯಿತು. ಕೊರೊನಾ ಲಾಕ್‌ಡೌನ್ ಹೊತ್ತಿಗೆ, 2020ರ ಮಾರ್ಚ್ 23ರಂದು ಇಳಿದಿದ್ದು ಸುಮಾರು 3,935. ಯಾವುದು ದೊಡ್ಡದು? ಅಂಶ ನೋಡಿದರೆ ಚುನಾವಣೆಯ ದಿನ. ಶೇಕಡಾ ಲೆಕ್ಕದಲ್ಲಿ ಕೊರೊನಾ ದಿನ ಶೇ 13ಕ್ಕೂ ಜಾಸ್ತಿ, ಚುನಾವಣೆಯ ದಿನ ಶೇ 6ರೊಳಗೆ. ಸೂಚ್ಯಂಕ ಮೇಲೆ ಹೋದಷ್ಟೂ ಅಂಶಗಳು ದೊಡ್ಡದಾಗಿ ಕಾಣುತ್ತವೆ. ಹೀಗೇ ಹೋದರೆ ಎರಡು-ಮೂರು ವರ್ಷಕ್ಕೊಮ್ಮೆ ನಿಮಗೆ ‘ಭಾರೀ ಕುಸಿತ’ ಸಿಗುತ್ತಲೇ ಇರುತ್ತದೆ. ಅಂದಹಾಗೆ, ಜೂನ್ 4ರ ಹಿಂದಿನ ದಿನ ಮತಗಟ್ಟೆ ಸಮೀಕ್ಷೆ ನಂಬಿ ಪೇಟೆ 2,500 ಅಂಶ ಏರಿತ್ತು. ಅವತ್ತು ‘ಗೂಳಿ ಜಿಗಿತ’ ಅಂತ ಹಾಕಿದ್ದನ್ನು ನೋಡಿ ದುಡ್ಡು ಹಾಕಿದವರೂ ನನಗೆ ಗೊತ್ತು. ಬಿದ್ದದ್ದು ಜೂನ್ 7ಕ್ಕೆ ತುಂಬಿಕೊಂಡಿತು. ಆದರೆ ಅವರು 4ರಂದೇ ಮಾರಿ ಕೈ ತೊಳೆದುಕೊಂಡಿದ್ದರು.

ಇನ್ನೊಂದು ವಿಷಯ. 2020ರ ಏಪ್ರಿಲ್‌ನಲ್ಲಿ ಅಂಚೆ ಆರ್‌ಡಿ ಬಡ್ಡಿಯನ್ನು ಶೇ 7.2ರಿಂದ ಒಂದೇ ಏಟಿಗೆ 5.8ಕ್ಕೆ ಇಳಿಸಿದರು. ಹೊಸ ಖಾತೆಯವರಿಗೆ ಐದು ವರ್ಷಕ್ಕೆ ಅದು ಸಣ್ಣ ಪೆಟ್ಟೇನೂ ಅಲ್ಲ. ಆದರೂ ಯಾರೂ ಹೌಹಾರಲಿಲ್ಲ, ಯಾರೂ ಕಾರ್ಡ್ ಹರಿದು ಹಾಕಲಿಲ್ಲ. ಯಾಕೆ ಅಂದರೆ ಆರ್‌ಡಿ ಕಾರ್ಡಿನಲ್ಲಿ ದಿನಾ ಬೆಲೆ ಕಾಣುವುದಿಲ್ಲ. ಮೂರು ವರ್ಷ ಆಗುವ ತನಕ ಮುರಿಯಲೂ ಬರುವುದಿಲ್ಲ. ಆಮೇಲೆ ಮುರಿದರೂ ಉಳಿತಾಯ ಖಾತೆಯ ಬಡ್ಡಿಯಷ್ಟೇ ಸಿಗುತ್ತದೆ. ‘ಇದೆಂಥಾ ಕಟ್ಟುಪಾಡು’ ಅಂತ ನನ್ನ ಹತ್ತಿರ ಗೊಣಗಿದವರೇ ಕೊನೆಗೆ ತಿಂಗಳಿಗೆ ಸಾವಿರ ಕಟ್ಟಿ ಈಗಿನ ಶೇ 6.7ರ ಲೆಕ್ಕದಲ್ಲಿ ₹71 ಸಾವಿರ ತಗೊಳ್ಳುವವರು. ಅವರಿಗೆ ತಾಳ್ಮೆ ಇಲ್ಲ ಅಂತ ಹೇಗೆ ಹೇಳಲಿ? ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮುಟ್ಟದೆ ಬಿಟ್ಟು ಉಂಡೆ ಕೊಬ್ಬರಿ ಮಾಡುವವರು ಇವರೇ. ದಿನಾ ಅಟ್ಟ ಹತ್ತಿ ಕಾಯಿ ಅಲ್ಲಾಡಿಸಿ ನೋಡುವವರು ಯಾರೂ ಇಲ್ಲ. ಫೋನಿನಲ್ಲಿ ಎಸ್‌ಐಪಿ ಮಾತ್ರ ದಿನಕ್ಕೆ ನಾಲ್ಕು ಸಲ ನೋಡುತ್ತಾರೆ. ₹2,000ದ ಕಂತಿಗೆ 50 ರೂಪಾಯಿ ಬೆಲೆಯಲ್ಲಿ ಫಂಡಿನ 40 ಯೂನಿಟ್, ಅಂದರೆ ಪಾಲು, ಬರುತ್ತಿದ್ದದ್ದು, ಬೆಲೆ 40ಕ್ಕೆ ಇಳಿದ ತಿಂಗಳು 50 ಬರುತ್ತದೆ ಅನ್ನುವುದು ಆ ಗಾಬರಿಯಲ್ಲಿ ಯಾರಿಗೂ ಹೊಳೆಯುವುದಿಲ್ಲ.

ಹಾಗಂತ ಬಿದ್ದದ್ದೆಲ್ಲ ಬೇಗ ಏಳುತ್ತದೆ ಅಂತ ನಾನು ಹೇಳುತ್ತಿಲ್ಲ. 2008ರ ಜನವರಿಯಲ್ಲಿ 21 ಸಾವಿರ ಮುಟ್ಟಿದ ಸೆನ್ಸೆಕ್ಸ್ 2009ರ ಮಾರ್ಚಿಗೆ 8 ಸಾವಿರದ ಹತ್ತಿರ ಬಂದಿತ್ತು. ಮತ್ತೆ 21 ಸಾವಿರ ಕಂಡಿದ್ದು 2010ರ ನವೆಂಬರಿನಲ್ಲಿ. ಆ ನಡುವೆ ಮಗಳ ಮದುವೆ ಇಟ್ಟುಕೊಂಡವನ ಗತಿ ಏನು? ಅದಕ್ಕೇ ನಾನು ಕಾರ್ಡಿನ ಹಿಂದೆ ಒಂದು ಸಾಲು ಬರೆಸುತ್ತೇನೆ: ಈ ದುಡ್ಡು ಯಾವುದಕ್ಕೆ, ಯಾವ ವರ್ಷಕ್ಕೆ. ಎಸ್‌ಐಪಿ ಇರುವವರಿಗೆ ಅದನ್ನೂ ಅಲ್ಲೇ ಬರೆಯಿರಿ ಅನ್ನುತ್ತೇನೆ. ಐದು ವರ್ಷದೊಳಗೆ ಬೇಕಾದದ್ದು ಆರ್‌ಡಿಯಲ್ಲೋ ಎಫ್‌ಡಿಯಲ್ಲೋ ಇರಲಿ. ಆಮೇಲಿನದ್ದು ಮಾತ್ರ ಪೇಟೆಗೆ ಹೋಗಲಿ. ಕೆಎಸ್‌ಆರ್‌ಟಿಸಿ ಕಂಡಕ್ಟರೊಬ್ಬರು ‘ಮನೆ ತಾರಸಿ, 2027’ ಅಂತ ಬರೆದ ಮೇಲೆ ಆ ಕಂತನ್ನು ಷೇರಿನಿಂದ ತೆಗೆದು ಆರ್‌ಡಿಗೆ ಹಾಕಿದರು, ‘ನಿವೃತ್ತಿ’ ಅಂತ ಬರೆದದ್ದನ್ನು ಹಾಗೇ ಬಿಟ್ಟರು. ಏಪ್ರಿಲ್ 7ರ ಮರುದಿನ ಅವರು ನನಗೆ ಫೋನ್ ಮಾಡಲಿಲ್ಲ.

ಆಪ್ಷನ್ ಆಟದ, ಅಂದರೆ ಬೆಲೆ ಏರುತ್ತೋ ಇಳಿಯುತ್ತೋ ಅಂತ ಷೇರುಪೇಟೆಯಲ್ಲಿ ಬಾಜಿ ಕಟ್ಟುವ ಹುಡುಗರ ಕಥೆ ಬೇರೆಯೇ. ಅಮ್ಮನ ಆರ್‌ಡಿ ಮೇಲೆ ಸಾಲ ಎತ್ತಿ ಅದರಲ್ಲಿ ಹಾಕಲು ಬರುವವರಿದ್ದಾರೆ. ಮೂರು ವರ್ಷಗಳಲ್ಲಿ ಇಂಥ ವ್ಯವಹಾರ ಮಾಡಿದ ನೂರು ಜನರಲ್ಲಿ 93 ಮಂದಿ ಕಳೆದುಕೊಂಡಿದ್ದಾರೆ ಅಂತ 2024ರ ಸೆಪ್ಟೆಂಬರಿನಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಒಟ್ಟು ನಷ್ಟ ₹1.8 ಲಕ್ಷ ಕೋಟಿಗೂ ಜಾಸ್ತಿ. ನೋಡಿ, ಮುಖಪುಟದಲ್ಲಿ ‘ಲಕ್ಷ ಕೋಟಿ’ ಹಾಕಲೇಬೇಕು ಅಂತಿದ್ದರೆ ಇದನ್ನು ಹಾಕಿ. ಇದು ಬೆಲೆ ಇಳಿದು ಮತ್ತೆ ಏರಬಹುದಾದ ಲೆಕ್ಕ ಅಲ್ಲ, ನಿಜವಾಗಿ ಜೇಬಿನಿಂದ ಹೋದ ದುಡ್ಡು.

ನನ್ನ ಕೋರಿಕೆ ಇಷ್ಟೇ. ಪೇಟೆ ಬಿದ್ದ ದಿನ ಸುದ್ದಿ ಹಾಕಬೇಡಿ ಅನ್ನುತ್ತಿಲ್ಲ. ಅಂಶದ ಪಕ್ಕದಲ್ಲಿ ಶೇಕಡಾ ಎಷ್ಟು ಅಂತ ಹಾಕಿ. ಒಂದು ವರ್ಷದ ಹಿಂದೆ, ಐದು ವರ್ಷದ ಹಿಂದೆ ಸೂಚ್ಯಂಕ ಎಲ್ಲಿತ್ತು ಅಂತ ಎರಡು ಸಾಲು ಸೇರಿಸಿ. ‘ಮಣ್ಣುಪಾಲು’ ಬೇಡ, ‘ಇಳಿಕೆ’ ಸಾಕು. ಮತ್ತೆ ಏರಿದಾಗ ಅದೇ ಮುಖಪುಟದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಅಲ್ಲದಿದ್ದರೂ, ಕಣ್ಣಿಗೆ ಬೀಳುವ ಹಾಗೆ ಹಾಕಿ. ತಲೆ ಮೇಲೆ ಕೈ ಹೊತ್ತವನ ಫೋಟೊಗೆ ಸ್ವಲ್ಪ ರಜೆ ಕೊಡಿ.

ಪತ್ರ ಪ್ರಕಟಿಸುವುದಾದರೆ ಹೆಸರು ಬೇಡ. ಪೋಸ್ಟಾಫೀಸಿನಲ್ಲಿ ಸುಮ್ನೆ ಮಾತು ಯಾಕೆ.

— ಆರ್‌ಡಿ ಏಜೆಂಟ್, ತಿಪಟೂರು